ಕಾವಿಗೆ ಕೂತ ಕಾರು

ಎಪ್ಪತ್ತರ ದಶಕದ ಕೊನೆಯಲ್ಲಿ, ಚನ್ನಗಿರಿಯಲ್ಲಿ ನನ್ನ ಹಳೇ ವಿಲಾಯಿತಿ ಕಾರು ಕೈಕೊಟ್ಟಿತು. ಕಾರ್ಬ್ಯುರೇಟರ್ ಒಡೆದಿತ್ತು. ಮೆಕ್ಯಾನಿಕ್ ಬಾಷಾ ಸಾಬರು, "ಈ ಸಾಮಾನು ಯಾವ ಅಂಗಡೀಲೂ ಸಿಗಲ್ಲ ಬಿಡ್ರಿ. ಜಗಳೂರಲ್ಲಿ ಹನುಮಕ್ಕನ ಹಿತ್ತಲಲ್ಲಿ ಇಂಥದೇ ಕಾರು ಸುಮ್ನೆ ನಿಂತೈತೆ, ಕೇಳಿ ನೋಡ್ರಿ" ಎಂದರು.

ಬಸ್ಸು ಹಿಡಿದು ಹೋದೆ. ಹನುಮಕ್ಕ ಸಂತೋಷದಿಂದಲೇ ಕಾರು ತೋರಿಸಿದರು. ನಾನು ಬಾನೆಟ್ಟಿಗೆ ಕೈ ಹಾಕಿದ್ದೇ ತಡ, ಅಡ್ಡ ಬಂದರು.

"ಬಿಚ್ಕಳ್ರಿ, ಬ್ಯಾಡ ಅನ್ನಲ್ಲ. ಆದ್ರೆ ಇವತ್ತಲ್ಲ. ಒಳಗೆ ಕೋಳಿ ಕಾವಿಗೆ ಕುಂತೈತೆ."

"ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಆಗಲ್ವೇನಮ್ಮಾ?"

"ದಿನ ತುಂಬಿದ ಬಸುರೀನ ನಿಮ್ಮನೇಲಿ ಹಿಂಗೇ ಎಬ್ಬಿಸ್ತೀರೇನು?"

ಬಾನೆಟ್ಟಿನಿಂದ ಕೈ ತೆಗೆದೆ. ನನ್ನದು ಬೀಜದ ಕಂಪನಿಯ ಮಾರಾಟದ ಕೆಲಸ; ಎಂಟು ದಿನ ಬಿತ್ತನೆ ಬೀಜದ ಸ್ಯಾಂಪಲ್ ಚೀಲ ಹೊತ್ತು ನ್ಯಾಮತಿ, ಸವಳಂಗ ಅಂತ ಬಸ್ಸಿನಲ್ಲೇ ತಿರುಗಿದೆ. ಒಂಬತ್ತನೇ ದಿನ ಹೋದರೆ, ಹನುಮಕ್ಕನ ಹಿತ್ತಲ ತುಂಬ ಮರಿಗಳು. ಬಿಚ್ಚಿಕೊಂಡ ಕಾರ್ಬ್ಯುರೇಟರಿಗೆ ಮೊಟ್ಟೆಯ ಸಿಪ್ಪೆ ಅಂಟಿತ್ತು. ಹನುಮಕ್ಕ ದುಡ್ಡು ಮುಟ್ಟಲಿಲ್ಲ.

"ನೀವು ಕಾದ್ರಲ್ಲ, ಅಲ್ಲಿಗಲ್ಲಿಗೆ ಸರಿಹೋತು ನೋಡ್ರಿ. ಮುಂದಿನ ಸಲ ಕೋಳಿ ಕೂರಾಕೆ ಒಂದು ಬುಟ್ಟಿ ತಂದಿಡ್ರಿ, ಸಾಕು."

ಸಂತೆಯಿಂದ ಬುಟ್ಟಿ ತಂದು ಇಂಜಿನ್ನಿನ ಪಕ್ಕದಲ್ಲಿ ಕೂರಿಸಿಯೇ ಹೊರಟೆ.

ಎಂಬತ್ತರ ದಶಕದಲ್ಲಿ ಹೊಸ ಕಾರು ಕೊಂಡೆ. ಅದರ ಸಾಮಾನು ಎಲ್ಲ ಊರಲ್ಲೂ ಸಿಗುತ್ತದೆ, ಅಂಥ ಕಾರೂ ಎಲ್ಲ ಊರಲ್ಲೂ ಸಿಗುತ್ತದೆ. ಹೊನ್ನಾಳಿಯ ಮದುವೆಯೊಂದರಲ್ಲಿ, ಸಾಲಾಗಿ ನಿಂತ ಬಿಳಿ ಕಾರುಗಳ ನಡುವೆ ನನ್ನದೇ ಎಂದುಕೊಂಡು ಯಾರದೋ ಕಾರಿನ ಬಾಗಿಲಿಗೆ ಕೀ ತಿರುಗಿಸುತ್ತಾ ನಿಂತಿದ್ದೆ.

"ಗುರುತಿಗೆ ಏನಾದ್ರೂ ಇಡಬಾರದೇನ್ರೀ?" ಎಂದು ಹೆಂಡತಿ ಗದರಿದಳು.

ಕೋಳಿ ಇಡೋಣವೆಂದರೆ, ಈ ಬಾನೆಟ್ಟಿನೊಳಗೆ ಅದಕ್ಕೆ ಕಾಲು ಮಡಚಲೂ ಜಾಗವಿಲ್ಲ.