ಕೊಚ್ಚಿ ಮ್ಯಾಚಿನ ಟಿಕೆಟ್ ಸಾಲಿನಲ್ಲಿ ನಮ್ಮ ಮನೆಯ ಕೊಡಗಳು

ಒಂದು ನಿಮಿಷ ಇರಿ. ಮುಂದಿನ ಪಂದ್ಯದ ಟಿಕೆಟ್ಟಿಗೆ ಫೋನ್ ಹಿಡಿದು ಕೂತವರು ಯಾರಾದರೂ ಇದ್ದರೆ, ಇದನ್ನು ಓದಿ ಮುಗಿಸುವ ತನಕ ಆ ಬಟನ್ ಒತ್ತಬೇಡಿ. ಆನ್‌ಲೈನ್ ಸಾಲು ಅಂತ ತೋರಿಸುತ್ತಾರಲ್ಲ, ಪರದೆಯಲ್ಲಿ ಒಬ್ಬ ಪುಟ್ಟ ಮನುಷ್ಯ ಗೆರೆಯ ಮೇಲೆ ನಡೆದುಕೊಂಡು ಹೋಗುತ್ತಾನೆ, ಅವನ ಮೇಲೆ ನನಗೆ ಇವತ್ತಿಗೂ ನಂಬಿಕೆ ಇಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ತಮಿಳುನಾಡಿನ ಪಲ್ಲಡಂ ಪಕ್ಕದ ಊರು. ಹೊಸಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತಮಿಳು. ಮನೆಯಲ್ಲಿ ಯಾರಿಗೂ ಕನ್ನಡ ಅಕ್ಷರ ಬರುವುದಿಲ್ಲ. ನಾನೊಬ್ಬಳು ಫೋನ್ ನೋಡಿಕೊಂಡು ಕಲಿತೆ. ಫುಟ್‌ಬಾಲನ್ನೂ ಹಾಗೇ ಕಲಿತದ್ದು. ಆಫ್‌ಸೈಡ್ ಅಂದರೆ ಏನು ಅಂತ ತಲೆಗೆ ಹತ್ತದೆ, ಅಡುಗೆಮನೆಯ ನೆಲದ ಮೇಲೆ ಬದನೆಕಾಯಿ ಒಂದು ತಂಡ, ಟೊಮೆಟೊ ಇನ್ನೊಂದು ತಂಡ ಅಂತ ಜೋಡಿಸಿ ಅರ್ಥ ಮಾಡಿಕೊಂಡೆ. ಅರ್ಥವಾಗುವ ಹೊತ್ತಿಗೆ ಅಮ್ಮ ಕೊನೆಯ ಡಿಫೆಂಡರನ್ನು ಸಾಂಬಾರಿಗೆ ಹೆಚ್ಚಿಬಿಟ್ಟಿದ್ದರು. ನನ್ನ ತಂಡ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಟಿಕೆಟ್ಟಿನ ವಿಷಯ ಬಿಟ್ಟು ನೀವು ಅದರ ಮೇಲೆ ಜಗಳಕ್ಕೆ ಬೀಳುತ್ತೀರಿ.

ಇಷ್ಟು ಹುಚ್ಚಿದ್ದರೂ ನಾನು ಸ್ಟೇಡಿಯಂ ಒಳಗೆ ಕಾಲಿಟ್ಟವಳಲ್ಲ. ಕೊಚ್ಚಿ ನಮಗೆ ದೂರವೇನಲ್ಲ, ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನಕ್ಕೆ ಅಲ್ಲಿರಬಹುದು. ಅಪ್ಪ ಮಾತ್ರ ಒಪ್ಪುತ್ತಿರಲಿಲ್ಲ. ಒಬ್ಬಳೇ ಹೋಗುವ ಮಾತೇ ಇಲ್ಲ, ಅಣ್ಣನ ಜೊತೆಗೂ ಬೇಡ, ಹೋದರೆ ಎಲ್ಲರೂ ಹೋಗಬೇಕು. ಎಲ್ಲರೂ ಹೋಗೋಣ ಅಂದರೆ ಮಗ್ಗ ನೋಡಿಕೊಳ್ಳುವುದು ಯಾರು? ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಓಡುತ್ತವೆ, ಭಾನುವಾರ ಕೂಡ. ಅಪ್ಪನ ಮಾತಿಗೆ ಎದುರಾಡಬೇಕಾದರೂ ಆ ಸದ್ದಿನ ಮೇಲೆ ಕೂಗಿ ಹೇಳಬೇಕು. ಕೂಗಿ ಹೇಳಿದ ಮಾತು ಬೇಡಿಕೆಯ ಹಾಗೆ ಕೇಳಿಸುವುದಿಲ್ಲ, ಜಗಳದ ಹಾಗೆ ಕೇಳಿಸುತ್ತದೆ.

ಈ ಸಲ ಮಗ್ಗಗಳೇ ನಿಂತಿದ್ದವು. ನೂಲು ಕೊಟ್ಟು ನೇಯಿಸಿಕೊಳ್ಳುವ ವರ್ತಕರು ಕೂಲಿ ಹೆಚ್ಚಿಸಬೇಕು ಅಂತ ಸೋಮನೂರು, ಪಲ್ಲಡಂ ಕಡೆಯ ಶೆಡ್ಡುಗಳೆಲ್ಲ ಸ್ಟ್ರೈಕಿಗೆ ಇಳಿದಿದ್ದವು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅದೇ ಹೊತ್ತಿಗೆ ಕೊಚ್ಚಿಯಲ್ಲಿ ನನ್ನ ತಂಡದ ದೊಡ್ಡ ಪಂದ್ಯ, ಭಾನುವಾರ. ಮೆಲ್ಲಗೆ ಕೇಳಿದೆ. ಅಪ್ಪ ಒಂದು ಷರತ್ತು ಹಾಕಿದರು.

"ನಾಕು ಸೀಟೂ ಪಕ್ಕಪಕ್ಕ ಇರ್ಬೇಕು ಅಮ್ಮಣಿ. ಒಂದು ಅತ್ಲಾಗೆ ಒಂದು ಇತ್ಲಾಗೆ ಆದ್ರೆ ಯಾರೂ ಹೋಗೋದು ಬ್ಯಾಡ."

ಮಗ್ಗ ಮತ್ತೆ ಶುರುವಾದರೆ ಈ ಮಾತು ಇನ್ನೊಮ್ಮೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಈ ಸಲ ಆಗಬೇಕು, ಇಲ್ಲವಾದರೆ ಇಲ್ಲ.

ಒಟ್ಟಿಗೆ ನಾಲ್ಕು ಸೀಟು ಬೇಕಾದರೆ ಒಂದೇ ಅಕೌಂಟಿನಿಂದ ತೆಗೆದುಕೊಳ್ಳಬೇಕು. ನನ್ನ ಅಕೌಂಟ್ ಇತ್ತು. ಯಾವಾಗ ಮಾರಾಟ ಶುರುವಾಗುತ್ತದೆ, ಹೇಗೆ ಸಾಲು ನಿಲ್ಲಬೇಕು ಅಂತ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಅಪ್ಪನಿಗೆ ಕೇಳುವಾಗಲೇ ಅನುಮಾನ. ವರ್ತಕರು ಕೂಲಿ ಒಪ್ಪಂದಕ್ಕೆ ಸಹಿ ಹಾಕಿ ಆಮೇಲೆ ಕೈ ಎತ್ತುವುದನ್ನು ನೋಡಿ ನೋಡಿ ಬಂದ ಅನುಮಾನ ಅದು. ವರಿಸೆ ಅಂತ ಒಂದಿದ್ದರೆ ಅದರ ಹಿಂದೆ ಇನ್ನೊಂದು ಬಾಗಿಲು ಇದ್ದೇ ಇರುತ್ತದೆ ಅಂದರು. ನಮ್ಮ ಮನೆಯಲ್ಲಿ ಸಾಲಿಗೆ ವರಿಸೆ ಅನ್ನುತ್ತೇವೆ.

ಅಮ್ಮನಿಗೆ ಅನುಮಾನ ಇರಲಿಲ್ಲ, ಅನುಭವ ಇತ್ತು. ನಮ್ಮ ಬೀದಿಗೆ ಕುಡಿಯುವ ನೀರು ದಿನಾ ಬರುವುದಿಲ್ಲ. ಬರುವ ದಿನ ನಲ್ಲಿಯ ಮುಂದೆ ಮನುಷ್ಯರು ನಿಲ್ಲುವುದಿಲ್ಲ, ಕೊಡಗಳು ನಿಲ್ಲುತ್ತವೆ. ಕೊಡ ಇಟ್ಟರೆ ಆ ಜಾಗ ನಿಮ್ಮದು. ಮನೆಗೆ ಹೋಗಿ ಬೇಳೆ ಬೇಯಿಸಿ ಬರಬಹುದು. ಬಂದು ನೋಡುವಾಗ ಯಾರಾದರೂ ನಿಮ್ಮ ಕೊಡವನ್ನು ಆಚೆ ಸರಿಸಿದ್ದರೆ ಕೇಳುವುದು, ಕೂಗುವುದು ಏನೂ ಇಲ್ಲ. ಎತ್ತಿಕೊಂಡು ಸುಮ್ಮನೆ ಮತ್ತೆ ಸಾಲಿಗೆ ತುರುಕಬೇಕು. ಅದೇ ಮರ್ಯಾದೆ.

"ಒಂದು ಕೊಡ ಇಟ್ಟು ಕೈ ಕಟ್ಟಿ ಕೂತ್ರೆ ನೀರ್ ಸಿಗ್ತದಾ?" ಅಂದರು ಅಮ್ಮ. "ಮನೇಲಿ ಇರೋ ಫೋನೆಲ್ಲ ಇಡು."

ನನಗೂ ಸರಿ ಅನ್ನಿಸಿತು. ಹೆಚ್ಚು ಫೋನು ಹೆಚ್ಚು ಅದೃಷ್ಟ ಅಂತ ವಿಡಿಯೋಗಳಲ್ಲೂ ಹೇಳುತ್ತಾರೆ. ನಾಲ್ಕು ಫೋನಿನಲ್ಲೂ ನನ್ನ ಅಕೌಂಟನ್ನೇ ತೆರೆಯಬೇಕು ಅಂತ ಎಲ್ಲರ ಫೋನಿನಲ್ಲೂ ಪಾಸ್‌ವರ್ಡ್ ಉಳಿಸಿಟ್ಟೆ. ಆಚೆ ತಳ್ಳಿದರೆ ಸುಮ್ಮನೆ ಮತ್ತೆ ಒಳಗೆ ಬರಬೇಕು ಅಂತ ಅಮ್ಮ ಸೇರಿಸಿದರು. ಎಲ್ಲರೂ ತಲೆ ಆಡಿಸಿದರು.

ಮಾರಾಟದ ದಿನ ನಾನು ತಿರುಪ್ಪೂರಿನಲ್ಲಿ, ಕೆಲಸ ಮಾಡುವ ಬನಿಯನ್ ಕಂಪನಿಯಲ್ಲಿದ್ದೆ. ಅಣ್ಣ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ, ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ. ಅಪ್ಪ ಸೋಮನೂರಿನಲ್ಲಿ ಸ್ಟ್ರೈಕ್ ಸಭೆಯ ಪೆಂಡಾಲಿನ ಕೆಳಗೆ. ಅಮ್ಮ ಮನೆಯಲ್ಲಿ. ನನ್ನ ಪಕ್ಕದ ಮೇಜಿನ ಗೆಳತಿಯೂ ಅದೇ ಪಂದ್ಯಕ್ಕೆ ಸಾಲು ನಿಂತಿದ್ದಳು, ಅವಳದೇ ಅಕೌಂಟಿನಲ್ಲಿ. ದಾವಣಗೆರೆಯವಳು, ಕೆಲಸಕ್ಕಾಗಿ ಇಲ್ಲಿಗೆ ಬಂದವಳು. ನನ್ನ ಕನ್ನಡ ಕೇಳಿ ಮೊದಲ ವಾರ ನಕ್ಕವಳು.

ಊಟದ ಬಿಡುವಿನಲ್ಲಿ ಸಾಲು ತೆರೆಯಿತು. ಆ ಪುಟ್ಟ ಮನುಷ್ಯ ಗೆರೆಯ ಮೇಲೆ ಹೆಜ್ಜೆ ಇಟ್ಟ. ನನ್ನ ಮುಂದೆ ಇರುವವರ ಸಂಖ್ಯೆ ದೊಡ್ಡದೇ, ಆದರೆ ಇಳಿಯುತ್ತಿತ್ತು. ಮೊಸರನ್ನದ ಡಬ್ಬಿ ತೆರೆಯದೆ ಕೂತೆ. ಇದ್ದಕ್ಕಿದ್ದಂತೆ ಪರದೆ ಬಿಳಿಯಾಗಿ, ನಿಮ್ಮ ಸರದಿ ಮುಗಿದಿದೆ, ಮತ್ತೆ ಸೇರಿಕೊಳ್ಳಿ ಅಂತ ಬಂತು. ಸರದಿ ಬರುವ ಮೊದಲೇ ಮುಗಿಯುವುದು ಹೇಗೆ? ಅಮ್ಮ ಹೇಳಿದ ಹಾಗೆ ಮಾತಿಲ್ಲದೆ ಮತ್ತೆ ಒಳಗೆ ಹೋದೆ. ಸಂಖ್ಯೆ ಇನ್ನೂ ದೊಡ್ಡದಾಗಿತ್ತು. ಮತ್ತೆ ಇಳಿಯತೊಡಗಿತು, ಮತ್ತೆ ಬಿಳಿ ಪರದೆ.

ಅನುಮಾನ ಮೊದಲು ವೆಬ್‌ಸೈಟಿನ ಮೇಲೆ ಹೋಯಿತು. ಹೀಗೆ ಸುಸ್ತು ಮಾಡಿಸಿ ಓಡಿಸುತ್ತಾರೆ, ಟಿಕೆಟ್ಟುಗಳು ಆಗಲೇ ಯಾರದೋ ಜೇಬಿನಲ್ಲಿವೆ, ಅಪ್ಪ ಹೇಳಿದ ಹಿಂದಿನ ಬಾಗಿಲು ಇದೇ ಅಂದುಕೊಂಡೆ. ಆಮೇಲೆ ಗೆಳತಿಯ ಪರದೆಯ ಮೇಲೆ ಕಣ್ಣು ಬಿತ್ತು. ಅವಳ ಮನುಷ್ಯ ಒಂದು ಸಲವೂ ಬೀಳದೆ ಆರಾಮವಾಗಿ ನಡೆಯುತ್ತಿದ್ದ. ಹೋದ ವಾರ ನನ್ನ ಪಾಸ್‌ವರ್ಡ್ ಎಷ್ಟು ಉದ್ದ ಅಂತ ಅವಳು ತಮಾಷೆ ಮಾಡಿದ್ದು ನೆನಪಾಯಿತು. ಉದ್ದ ಗೊತ್ತಿದ್ದವಳಿಗೆ ಅಕ್ಷರ ಗೊತ್ತಿರುವುದಿಲ್ಲವೇ? ಮೆಲ್ಲಗೆ ಫೋನನ್ನು ಎದೆಗೆ ತಿರುಗಿಸಿಕೊಂಡೆ.

ಅವಳಿಗೆ ಗೊತ್ತಾಯಿತು. "ಏನೇ, ನಾನೇನು ನಿನ್ನ ಜಾಗ ಕದೀತೀನಾ? ನನ್ನ ಪಾಡಿಗೆ ನಾನು ನಿಂತಿಲ್ವಾ?" ಅಂದಳು. ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡಳು. ಅದು ಅವಳಿಗೆ ನೋವಾದದ್ದಕ್ಕೋ, ಪರದೆ ಕಾಣದಿರಲಿ ಅಂತಲೋ ನನಗೆ ತಿಳಿಯಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅವನನ್ನೂ ಆಚೆ ತಳ್ಳುತ್ತಿದ್ದರಂತೆ, ಅವನೂ ಮತ್ತೆ ಮತ್ತೆ ಒಳಗೆ ಬರುತ್ತಿದ್ದನಂತೆ. ಬಿಲ್ಲಿಗೆ ನಿಂತ ಗಿರಾಕಿಗಳು ಬೈಯುತ್ತಿದ್ದಾರೆ ಅಂತ ಇಟ್ಟುಬಿಟ್ಟ. ಇವನು ಗೆಳೆಯರ ಜೊತೆ ಬೇರೆ ಲೆಕ್ಕ ಹಾಕಿರಬಹುದೇ ಅಂತ ಒಂದು ಕ್ಷಣ ಅನ್ನಿಸಿತು. ಮನೆಯವರ ಜೊತೆ ಮ್ಯಾಚ್ ನೋಡಲು ಯಾವ ಹುಡುಗನಿಗೆ ಇಷ್ಟ ಇರುತ್ತದೆ? ಅಮ್ಮ ಫೋನ್ ಎತ್ತಲಿಲ್ಲ.

ಆಗ ಮೇಲ್ ತೆರೆದು ನೋಡಿದೆ. ನನ್ನ ಅಕೌಂಟನ್ನು ಬೇರೆ ಫೋನಿನಿಂದ ತೆರೆಯಲಾಗಿದೆ ಅಂತ ಎಚ್ಚರಿಕೆಗಳ ಸಾಲೇ ಬಿದ್ದಿತ್ತು. ಪ್ರತಿಯೊಂದರಲ್ಲೂ ಫೋನಿನ ಮಾದರಿ ಬರೆದಿತ್ತು. ಒಂದೆರಡು ಅಣ್ಣನದು, ಒಂದು ಅಮ್ಮನದು. ಉಳಿದ ಎಲ್ಲವೂ ಒಂದೇ ಮಾದರಿ. ಅದು ನನ್ನ ಹಳೆಯ ಫೋನ್, ಹೊಸದು ತೆಗೆದುಕೊಂಡಾಗ ಅಪ್ಪನಿಗೆ ಕೊಟ್ಟದ್ದು. ಒಂದೇ ಅಕೌಂಟು ಒಂದು ಫೋನಿನಲ್ಲಿ ತೆರೆದರೆ ಇನ್ನೊಂದರಲ್ಲಿ ಸಾಲು ತಪ್ಪುತ್ತದೆ ಅಂತ ಆಗ ಹೊಳೆಯಿತು. ಈ ನಲ್ಲಿಯಲ್ಲಿ ಮನೆಗೆ ಒಂದೇ ಕೊಡದ ಜಾಗ. ನಮ್ಮ ಕೊಡ ಇಟ್ಟಾಗಲೆಲ್ಲ ನಮ್ಮದೇ ಇನ್ನೊಂದು ಕೊಡ ಉರುಳುತ್ತಿತ್ತು. ಅಣ್ಣ ಒಂದೆರಡು ಸಲ ಉರುಳಿಸಿದ್ದ. ನನ್ನನ್ನು ಬಿಡದೆ ಉರುಳಿಸುತ್ತಿದ್ದವರು ಅಪ್ಪ.

ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಅಪ್ಪನಿಗೆ ಹೋಗಲು ಮನಸ್ಸಿರಲಿಲ್ಲ ಅಂತ ನನಗೆ ಮೊದಲಿನಿಂದ ಅನುಮಾನ ಇತ್ತು. ನೇರವಾಗಿ ಬೇಡ ಅನ್ನುವ ಬದಲು ಆಗದ ಷರತ್ತು ಹಾಕಿದರು, ಈಗ ಅದೂ ಆಗಿಬಿಡುತ್ತದೇನೋ ಅಂತ ಹೀಗೆ ಮಾಡುತ್ತಿದ್ದಾರೆ. ವರ್ತಕರ ಆಟ ನೋಡಿ ಬೆಳೆದವರಿಗೆ ಆಟ ಬರುವುದಿಲ್ಲವೇ? ಅಪ್ಪನಿಗೆ ಫೋನ್ ಮಾಡಿದೆ.

ಹಿಂದೆ ಮೈಕಿನಲ್ಲಿ ಯಾರೋ ತಮಿಳಿನಲ್ಲಿ ಭಾಷಣ ಮಾಡುತ್ತಿದ್ದರು. ನಾನು ಕೇಳುವ ಮೊದಲೇ ಅಪ್ಪ ಶುರು ಮಾಡಿದರು.

"ಒಂದೇ ಸಮ ಆಚೆ ತಳ್ತಾವ್ರೆ ಅಮ್ಮಣಿ. ನಾನು ಬಿಡ್ಲಿಲ್ಲ. ತಳ್ಳಿದಂಗೆ ತಳ್ಳಿದಂಗೆ ನುಗ್ತಾನೇ ಇವ್ನಿ. ಭಾಷಣ ಕೂಡ ಕೇಳ್ಲಿಲ್ಲ. ಪಕ್ಕದಲ್ಲಿ ಇರೋರೆಲ್ಲ ಬಿಡ್ಬ್ಯಾಡಿ ಅಂತವ್ರೆ."

ನನ್ನ ಅನುಮಾನವನ್ನು ನುಂಗಿಕೊಂಡು, ತಳ್ಳುತ್ತಿರುವುದು ನಾವೇ ಅಂತ ವಿವರಿಸಿದೆ.

"ನಾವೇನಾ?" ಅಂದರು ಅಪ್ಪ. "ಸರಿಯಾಗಿ ನೋಡ್ದಾ? ಅವ್ರು ಹಂಗೆ ಹೇಳಿ ನಂಬಿಸ್ತಾ ಇರ್ಬೋದು."

ಈಗ ಯಾರಾದರೂ ಒಬ್ಬರೇ ಉಳಿಯಬೇಕಿತ್ತು. ಕೊನೆಗೆ ಒಳಗೆ ಹೋದವರು ಅಪ್ಪ, ಸಾಲು ಅವರ ಕೈಯಲ್ಲಿತ್ತು. ನಾನು ಮತ್ತೆ ತೆರೆದರೆ ಅದೂ ಹೋಗುತ್ತದೆ. ಅವರೇ ಇರಲಿ ಅಂದರೆ, ಆಫ್‌ಸೈಡ್ ಗೊತ್ತಿಲ್ಲದ, ಇಂಗ್ಲಿಷ್ ಓದಲು ಬಾರದ ಅಪ್ಪ ಒಬ್ಬರೇ ಸೀಟು ಆರಿಸಬೇಕು. ಆ ಹಳೆಯ ಫೋನಿನಲ್ಲಿ ಕರೆ ನಡೆಯುವಾಗ ನೆಟ್ ನಿಂತುಹೋಗುತ್ತದೆ, ಹಾಗಾಗಿ ಜೊತೆಗಿದ್ದು ಹೇಳಿಕೊಡಲೂ ಆಗದು. ಹಸಿರು ಚೌಕ ಖಾಲಿ ಸೀಟು, ಬೂದು ಚೌಕ ಹೋದದ್ದು, ಒಟ್ಟಿಗೆ ನಾಲ್ಕು ಹಸಿರು ಒತ್ತಿ, ದುಡ್ಡು ಕಟ್ಟಲು ಪಕ್ಕದವರನ್ನು ಕೇಳಿ ಅಂತ ಅವಸರದಲ್ಲಿ ಹೇಳಿ ಇಟ್ಟೆ. ಅಣ್ಣನಿಗೂ ಅಮ್ಮನಿಗೂ ಫೋನ್ ಮುಟ್ಟಬೇಡಿ ಅಂತ ಮೆಸೇಜ್ ಹಾಕಿದೆ.

ಆಮೇಲೆ ಕಾಯುವುದೊಂದೇ. ಊಟದ ಬಿಡುವು ಮುಗಿಯಿತು. ಸ್ಯಾಂಪಲ್ ಬನಿಯನ್‌ಗಳ ಅಳತೆ ನೋಡುತ್ತಿದ್ದೆ, ಏನು ನೋಡಿದೆನೋ. ಪಕ್ಕದ ಗೆಳತಿಯ ಸಾಲು ತುದಿಗೆ ಬಂದಿತ್ತು. ಅವಳು ಒತ್ತಿದಳು. ಕುಟುಂಬದವರು ಕೂರುವ ಸ್ಟ್ಯಾಂಡ್ ಮುಗಿದಿದೆ ಅಂತ ಬಂತು, ಬೇರೆ ಕಡೆ ಒತ್ತುವಷ್ಟರಲ್ಲಿ ಅದೂ ಬೂದು. ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ನಮ್ಮದೂ ಮುಗಿಯಿತು ಅಂದುಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ನನ್ನ ಮೇಲ್‌ಗೆ ಟಿಕೆಟ್ಟುಗಳು ಬಂದು ಬಿದ್ದವು. ನಾಲ್ಕು. ಕುಟುಂಬದ ಸ್ಟ್ಯಾಂಡಿನಲ್ಲೇ. ಕಿರುಚಬೇಕು ಅನ್ನಿಸುವಷ್ಟರಲ್ಲಿ ಸೀಟಿನ ಅಕ್ಷರ ನೋಡಿದೆ. ಮೂರು ಒಂದೇ ಸಾಲು. ನಾಲ್ಕನೆಯದು ಬೇರೆ ಸಾಲು, ಹಿಂದೆ.

ಅಪ್ಪನ ಷರತ್ತಿನ ಪ್ರಕಾರ ಯಾರೂ ಹೋಗುವ ಹಾಗಿಲ್ಲ. ಬೇಕಂತಲೇ ಹೀಗೆ ಒತ್ತಿದರಾ ಅಂತ ಮತ್ತೆ ಅದೇ ಹುಳ ಕೊರೆಯಿತು. ಫೋನ್ ಮಾಡಿ ಕೇಳುವ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಪಲ್ಲಡಂ ತನಕ ಕಿಟಕಿಗೆ ತಲೆ ಇಟ್ಟುಕೊಂಡು ಬಂದೆ. ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದೆ; ಮಗ್ಗ ನಿಂತಿವೆ, ಈ ಸಲ ಮೆಲ್ಲಗೆ ಜಗಳ ಆಡಬಹುದು.

ಮನೆಗೆ ಬಂದಾಗ ಅಪ್ಪ ಕಾಫಿ ಕುಡಿಯುತ್ತಿದ್ದರು. ಅಮ್ಮ ಪಕ್ಕದಲ್ಲಿ ಕೂತು, ಕೊಚ್ಚಿಗೆ ಯಾವ ಸೀರೆ ಉಡುವುದು ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನಾನು ಚಪ್ಪಲಿ ಬಿಡುವುದನ್ನೇ ನೋಡುತ್ತಿದ್ದ ಅಪ್ಪ, ಮುಖ ಯಾಕೆ ಹಾಗಿದೆ ಅಂತ ಕೇಳಿದರು. ನಾಲ್ಕೂ ಒಟ್ಟಿಗೆ ಇಲ್ಲವಲ್ಲ ಅಂದೆ.

"ನಾಕು ಒಟ್ಟಿಗೆ ಇರ್ಲಿಲ್ಲ, ಮೂರೇ ಇತ್ತು," ಅಂದರು. "ಇನ್ನೊಂದು ಹುಡುಕೋ ಅಷ್ಟ್ರಲ್ಲಿ ಹಸಿರೆಲ್ಲ ಬೂದಿ ಆಗ್ತಾ ಇತ್ತು. ಹಿಂದಿಂದು ನಂದು. ನೀವು ಮೂರು ಜನ ಮುಂದೆ ಕೂತ್ಕೊಳ್ಳಿ."

"ಹಿಂದೆ ಕೂತು ಇವ್ರು ಆಟ ನೋಡ್ತಾರೋ, ನಮ್ಮನ್ನ ನೋಡ್ತಾರೋ," ಅಂದರು ಅಮ್ಮ.

ಆ ಭಾನುವಾರ ನಾವು ನಾಲ್ವರೂ ಕೊಚ್ಚಿಗೆ ಹೋಗಿ ಬಂದೆವು. ಕೂಗಿ ಕೂಗಿ ಒಂದೇ ದಿನಕ್ಕೆ ನನ್ನ ಗಂಟಲು ಕಟ್ಟಿತ್ತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಸೋಮವಾರ ಆಫೀಸಿಗೆ ಹೋದಾಗ ಗೆಳತಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಅವಳು ಮೊದಲಿನಿಂದ ಕದಲದೆ ನಿಂತಿದ್ದಳು. ಅಪ್ಪ ಬಿದ್ದು ಎದ್ದು ಕೊನೆಯಲ್ಲಿ ಸೇರಿದವರು. ಮೊದಲು ನಿಂತವಳಿಗೆ ಮುಗಿದಿದೆ ಅಂದ ಅದೇ ಸ್ಟ್ಯಾಂಡಿನಲ್ಲಿ, ಅವಳ ನಂತರ ಬಂದವರಿಗೆ ನಾಲ್ಕು ಸೀಟು ಹೇಗೆ ಸಿಕ್ಕಿತು? "ನಿಮ್ಮಪ್ಪಂಗೆ ಯಾರೋ ಒಳಗಿನವ್ರು ಗೊತ್ತಿರ್ಬೇಕು, ನಿಜ ಹೇಳು," ಅಂದಳು. ನಗುತ್ತಲೇ ಅಂದಳು, ಆದರೆ ಈಗ ಕಾಗದದ ಕಪ್ಪಿನಲ್ಲಿ ಚಹಾ ತರುವಾಗ ನನಗೂ ಒಂದು ತರುವುದನ್ನು ಬಿಟ್ಟಿದ್ದಾಳೆ. ಯಾರೋ ಕೊಳ್ಳದೆ ಬಿಟ್ಟ ಸೀಟುಗಳು ಮತ್ತೆ ಹಸಿರಾಗಿರಬಹುದು ಅಂದೆ. ನಂಬಲಿಲ್ಲ. ನಾನೇ ಪೂರ್ತಿ ನಂಬಿಲ್ಲ, ಅವಳನ್ನು ಹೇಗೆ ನಂಬಿಸಲಿ?

ಆದ್ದರಿಂದ ನೀವು ಹೇಳಿ. ಹೀಗೆ ಆನ್‌ಲೈನಿನಲ್ಲಿ ಸಾಲು ನಿಂತು ಟಿಕೆಟ್ ಸಿಕ್ಕಿದವರು, ಸಿಗದವರು, ನಿಮಗಿಂತ ಹಿಂದೆ ನಿಂತವರು ಮುಂದೆ ಹೋದದ್ದನ್ನು ನೋಡಿದವರು, ಏನಾಯಿತು ಅಂತ ಕೆಳಗೆ ಬರೆಯಿರಿ. ತಂಡ ಯಾವುದಾದರೂ ಪರವಾಗಿಲ್ಲ. ನಾನು ಎಲ್ಲವನ್ನೂ ಓದುತ್ತೇನೆ, ಗೆಳತಿಗೂ ಓದಿ ಹೇಳುತ್ತೇನೆ.