ತರ್ಜುಮೆಗೆ ನಿಂತ ಸೊಸೆ

ನನಗೊಂದು ಚಟವಿದೆ, ಪ್ರಸಂಗ ಮಾಡುವ ಚಟ. ಚರ್ಚಿನಲ್ಲಿ ಬೈಬಲಿನ ವಾಕ್ಯವನ್ನು ಬಿಡಿಸಿ ಹೇಳುವುದಕ್ಕೆ ಬೀದರಿನ ಕ್ರೈಸ್ತರಾದ ನಾವು ಹಾಗೆನ್ನುತ್ತೇವೆ. ನಾನೇನು ಸಭಾಪಾಲಕನಲ್ಲ, ನಾಸಿಕ್ ರೋಡಿನ ಪ್ರೆಸ್ಸಿನಲ್ಲಿ ದುಡಿದು ನಿವೃತ್ತನಾಗಿ ಅಲ್ಲೇ ನೆಲೆ ನಿಂತವನು. ಆದರೆ ಯಾರಾದರೂ ಮೈಕು ಕೊಟ್ಟರೆ ಬೇಡವೆನ್ನುವಷ್ಟು ಸಂಕೋಚ ನನ್ನಲ್ಲಿಲ್ಲ. ಹೆಂಡತಿ ಸುಗುಣಾ ಮುಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಾಳೆ. ನಾನು ಅವಳ ಕಡೆ ನೋಡುವುದಿಲ್ಲ.

ಕುಟುಂಬವೆಂದರೆ ನನ್ನ ಮೆಚ್ಚಿನ ವಿಷಯ. ದೇವರು ಮನುಷ್ಯನನ್ನು ಒಂಟಿಯಾಗಿ ಬಿಡಲಿಲ್ಲ, ಜೊತೆ ಕೊಟ್ಟು ಇಬ್ಬರನ್ನು ಒಂದು ಮಾಡಿದ ಎಂದು ಶುರು ಮಾಡಿದರೆ ನನಗೇ ಕಣ್ಣು ತುಂಬುತ್ತದೆ. ಆಮೇಲೆ ನನ್ನದೊಂದು ಖಾಯಂ ಮಾತಿದೆ: ಆ ಮೊದಲ ಸಂಸಾರದಲ್ಲಿ ಅತ್ತೆಯೇ ಇರಲಿಲ್ಲ, ಆದರೂ ದೇವರು ಕೊಟ್ಟ ತೋಟ ಕೈತಪ್ಪಿತು, ಆದ್ದರಿಂದ ಎಲ್ಲದಕ್ಕೂ ಅತ್ತೆಯರನ್ನು ದೂರಬೇಡಿ! ಹೆಂಗಸರೆಲ್ಲ ನಗುತ್ತಾರೆ. ಸುಗುಣಾ ಮಾತ್ರ ನಗುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಸಂಭಾಜಿನಗರದಲ್ಲಿ ನೌಕರಿಗಿರುವ ನಮ್ಮ ಮಗ ಸುಧಾಕರ ಅಲ್ಲಿನ ಚರ್ಚಿನ ಮರಾಠಿ ಹುಡುಗಿ ಸ್ನೇಹಲ್‌ಳನ್ನು ಮದುವೆಯಾಗಿದ್ದ. "ಕನ್ನಡ ಬರಲ್ದ ಸೊಸಿ ಸಂಗಡ ನಾ ಏನ್ ಮಾತಾಡ್ಲಿರಿ?" ಎನ್ನುವುದು ಸುಗುಣಾಳ ವಾದ. ನಮ್ಮಿಬ್ಬರ ಮರಾಠಿ ಈರುಳ್ಳಿ ಕೊಳ್ಳಲು ಸಾಕು. ಮುದ್ದು ಮಾಡಲು, ಮುನಿಸಿಕೊಳ್ಳಲು ಸಾಲದು. ಹಾಗಾಗಿ ಅವಳು ಮಗನ ಮನೆಗೆ ಬೆಳಿಗ್ಗೆ ಹೋಗುವುದು, ನೆಂಟಳ ಹಾಗೆ ಚಹಾ ಕುಡಿಯುವುದು, ಸಂಜೆಗೆ ಹೊರಟುಬಿಡುವುದು. ಮದುವೆಯಾದಂದಿನಿಂದ ಒಂದು ರಾತ್ರಿಯೂ ಅಲ್ಲಿ ಉಳಿದವಳಲ್ಲ. ಹೀಗೇ ಆದರೆ ನಾವು ಕ್ರಿಸ್ಮಸ್ಸಿಗೆ ಕೈ ಕುಲುಕುವ ಪರಿಚಯಸ್ಥರಾಗಿಬಿಡುತ್ತೇವೆ ಎಂದು ನನಗೆ ನಿಜವಾಗಿ ಹೆದರಿಕೆಯಿತ್ತು.

ಈ ವರ್ಷ ಕುಟುಂಬಕ್ಕೆಂದೇ ಮೀಸಲಿಟ್ಟ ಭಾನುವಾರದ ಪ್ರಸಂಗಕ್ಕೆ ಮಗ ಸೊಸೆಯ ಆ ಮರಾಠಿ ಚರ್ಚಿನವರು ನನ್ನನ್ನೇ ಕರೆದರು. ನಮ್ಮಲ್ಲಿ ಪದ್ಧತಿ ಹೀಗೆ: ಬೇರೆ ಭಾಷೆಯವನು ಪ್ರಸಂಗಕ್ಕೆ ಬಂದರೆ ಪಕ್ಕದಲ್ಲೊಬ್ಬರು ನಿಂತು ಮಾತು ಮಾತಿಗೂ ತರ್ಜುಮೆ ಮಾಡುತ್ತಾರೆ. ಅವತ್ತು ತರ್ಜುಮೆಗೆ ಒಪ್ಪಿಕೊಂಡಿದ್ದ ಹಿರಿಯರಿಗೆ ಜ್ವರ ಬಂತು. ನಾನು ಮೈಕಿನ ಮುಂದೆ ಪೆಚ್ಚಾಗಿ ನಿಂತಿದ್ದೆ. ಆಗ ಸ್ನೇಹಲ್ ತಲೆಯ ಮೇಲೆ ಸೆರಗು ಹೊದ್ದು ಎದ್ದು ಬಂದು ಪಕ್ಕದಲ್ಲಿ ನಿಂತಳು.

"ಶುರು ಮಾಡ್ರಿ, ಮಾಮಾ," ಎಂದಳು. ಅಚ್ಚ ಬೀದರಿನ ಕನ್ನಡ!

ದೇಹ ಒಂದೇ, ಅವಯವಗಳು ಹಲವು, ಕಣ್ಣು ಕೈಗೆ ನೀನು ಬೇಡವೆನ್ನುವಂತಿಲ್ಲ ಎಂದು ನಾನು ಎಳೆದೆಳೆದು ಹೇಳಿದ್ದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ನಾನು ದಾರಿ ತಪ್ಪಿದಾಗ ಸುಮ್ಮನೆ ಕಾಯುತ್ತಿದ್ದಳು. ಅತ್ತೆಯ ಮಾತಿಗೆ ನನಗೆಂದೂ ಸಿಗದಷ್ಟು ನಗು ಅವಳಿಗೆ ಸಿಕ್ಕಿತು. ನನ್ನ ಎದೆ ಉಬ್ಬಿಹೋಯಿತು. ಪ್ರಸಂಗಪೀಠದಲ್ಲಿ ಗರ್ವಪಡಬಾರದು ಅನ್ನುತ್ತಾರೆ, ಪಟ್ಟೆ. ಸುಗುಣಾ ಗಡಿಯಾರ ನೋಡುವುದನ್ನೇ ಮರೆತಿದ್ದಳು.

ಹೊರಗೆ ಬಂದವಳೇ ಸೊಸೆಯನ್ನು ತಡೆದಳು. "ನಿನಗ ಕನ್ನಡ ಯಾರ್ ಕಲಿಸಿದ್ರು?"

"ನೀವೇ ರೀ, ಅತ್ತಿ. ಐತವಾರ ಫೋನ್ ಮಾಡ್ತೀರಲ್ಲ, ಇವ್ರು ಸ್ಪೀಕರ್ ಮ್ಯಾಲ ಇಡ್ತಾರ. ನಾ ಚಪಾತಿ ಮಾಡ್ತಾ ಕೇಳ್ತೀನಿ."

ಸುಗುಣಾಳ ಮುಖ ಬಿಳಿಚಿತು. ಆ ಫೋನುಗಳಲ್ಲಿ ಅರ್ಧ ಮಾತು ಸೊಸೆಯ ಮೇಲಿನ ದೂರೇ ಎಂದು ನನಗೆ ಗೊತ್ತಿತ್ತು. "ಅಯ್ಯೋ ದೇವ್ರೇ! ಎಲ್ಲಾ ಕೇಳೀದೇನು?"

"ಎಲ್ಲಾ ಕೇಳೀನ್ರಿ."

"ಮತ್ತ ಸುಮ್ಮನ ಯಾಕ ಇದ್ದಿ? ನನ್ನ ಸಂಗಡ ಜಗಳಾ ಆಡಬಾರ್ದಿತ್ತಾ?"

"ಜಗಳಾ ಆಡಿದ್ರ ನೀವು ಫೋನ್ ಮಾಡೋದೇ ಬಿಡ್ತಿದ್ರಿ. ಆಮ್ಯಾಲ ನಾ ಯಾರ ಕಡೆ ಕಲೀಲಿ?"

ಸುಗುಣಾ ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. "ತಪ್ಪಾಯ್ತವ್ವಾ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದಳು. "ನೀವು ನಡೀರಿ. ನಾ ಇಲ್ಲೇ ಇರ್ತೀನಿ. ಇಕಿ ಸಂಗಡ ಮಾತಾಡೋದು ಭಾಳ ಅದ."

ಸಂಜೆ ಮನ್ಮಾಡಿನ ಮೇಲೆ ನಾಸಿಕ್ ರೋಡಿಗೆ ಬರುವ ರೈಲಿನಲ್ಲಿ ನಾನೊಬ್ಬನೇ. ಪಕ್ಕದ ಸೀಟಿಗೆ ಯಾರಾದರೂ ಬರುತ್ತಾರೆಯೇ ಎಂದು ಒಬ್ಬರು ಕೇಳಿದರು. "ಇಲ್ಲ, ನನ್ನ ಹೆಂಡತಿ ಸೊಸೆಯ ಮನೆಯಲ್ಲಿ ಉಳಿದಳು," ಎಂದು ಎಷ್ಟು ಜೋರಾಗಿ ಹೇಳಿದೆನೆಂದರೆ ಅವರು ನನ್ನನ್ನು ಎರಡು ಸಲ ನೋಡಿದರು. ಕುಟುಂಬ ಕೂಡಿರಬೇಕೆಂದು ಇಷ್ಟು ವರ್ಷ ಊರೂರಲ್ಲಿ ಸಾರಿದವನು ಮನೆಗೆ ಬಂದು ನನ್ನೊಬ್ಬನಿಗೆ ಅನ್ನಕ್ಕಿಟ್ಟೆ. ಅನ್ನ ತಳ ಹಿಡಿಯಿತು. ಹೆಮ್ಮೆಯಿಂದಲೇ ಉಂಡೆ.