ಹೊಡೆಯದ ತೋಟೆಯ ಭಯ

ಬಾಳೂರು ಸಮೀಪದ ಗುಡ್ಡದ ಬದಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಳೆಗಾರರ ಕೋವಿ ಕ್ಲಬ್ಬಿನ ಮೈದಾನದ ತುದಿಯ ಮಣ್ಣಿನ ದಿಬ್ಬದೆದುರು ಹಬೀಬುರ್ರಹ್ಮಾನ್ ಗುರಿಹಲಗೆಗಳಿಗೆ ಮೊಳೆ ಬಡಿಯುತ್ತಿದ್ದಾರೆ. ಹೋದ ತಿಂಗಳವರೆಗೆ ಅವರ ಜಾಗ ಇದಾಗಿರಲಿಲ್ಲ. ಕೋವಿ ಹಿಡಿದವರ ಬೆನ್ನ ಹಿಂದೆ ನಿಂತು, ತೋಟೆ ಹೊಡೆಯದೆ, ಗುಂಡು ಹಾರದೆ ಹೋದಾಗ "ತಿರುಗ್ಬೇಡಿ!" ಎಂದು ಕೂಗುವುದು ಅವರ ಕೆಲಸವಾಗಿತ್ತು. ಈಗ ಆ ಕೆಲಸಕ್ಕೆ ಯಾರೂ ಇಲ್ಲ.

"ನಮ್ಮ ಮಳೆಗೆ ತೋಟೆ ತಂಡಿ ಹಿಡೀತದೆ ಮಾರಾಯ್ರೆ," ಎನ್ನುತ್ತಾರೆ. "ಟ್ರಿಗರ್ ಎಳೆದ್ರೆ ಟಿಕ್ ಅಂತದೆ, ಅಷ್ಟೆ. ಸತ್ತೋಯ್ತು ಅಂದ್ಕೊಳ್ತಾರೆ. ಒಳಗೆ ಮದ್ದು ಹೊತ್ಕೊಳ್ತಾ ಇದ್ರೂ ಇರ್ಬಹುದು, ಸ್ವಲ್ಪ ತಡ್ದು ಹೊಡೀಬಹುದು. ಬೆರಳು ತೆಗ್ದು, ನಳಿಗೆ ದಿಬ್ಬದ ಕಡೆಗೇ ಹಿಡ್ದು ಸುಮ್ನೆ ಕಾಯ್ಬೇಕು. ಅಷ್ಟು ಪುರುಸೊತ್ತು ಯಾರಿಗೂ ಇಲ್ಲ."

ಮೂಡಿಗೆರೆಯ ಗ್ಯಾರೇಜೊಂದರಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಅವರನ್ನು ಇಲ್ಲಿಗೆ ಕರೆತಂದವರು ಗೆಳೆಯ ಶಿವಯ್ಯ. ಹಲಗೆ ನಿಲ್ಲಿಸುವುದು ಶಿವಯ್ಯನ ಪಾಲು, ಹಿಂದೆ ನಿಂತು ಕಾಯುವುದು ಹಬೀಬರ ಪಾಲು. 1997ರ ಸ್ಪರ್ಧೆಯ ದಿನ ಅತಿಥಿಯೊಬ್ಬರ ಕೋವಿ ಟಿಕ್ ಎಂದು ಸುಮ್ಮನಾಯಿತು. ಅವರು ಕೋವಿ ಸಮೇತ ಹಿಂದಕ್ಕೆ ತಿರುಗಿ, "ಹಬೀಬ್, ಏನಾಯ್ತು ನೋಡು ಇದಕ್ಕೆ," ಎಂದು ನಕ್ಕರು. ಹಬೀಬರ ಪಕ್ಕದ ಬೆಂಚಿನಲ್ಲಿ ಶಿವಯ್ಯ ಚಹಾ ಕುಡಿಯುತ್ತಿದ್ದರು.

"ನಾನು ಕೂಗಿದ್ದೆ. ನನ್ನ ಕೂಗು, ಆ ಗುಂಡು, ಎರಡೂ ಒಟ್ಟಿಗೇ ಬಂದ್ವು."

ಆಸ್ಪತ್ರೆಗೆ ಹೊರಟ ಜೀಪು ಜಾವಳಿ ದಾಟುವಷ್ಟರಲ್ಲಿ ಶಿವಯ್ಯ ಹಬೀಬರ ತೊಡೆಯ ಮೇಲೆಯೇ ಕೊನೆಯುಸಿರೆಳೆದರು. ಆಕಸ್ಮಿಕವೆಂದು ಪ್ರಕರಣ ಮುಗಿಯಿತು. ಶಿವಯ್ಯನ ಹೆಂಡತಿ ನಂಜಮ್ಮ ಈಗ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಾರೆ. ಸಂತೆಯಲ್ಲಿ ಹಬೀಬರು ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. "ಬೈದಿದ್ರೆ ತಡ್ಕೊಳ್ತಿದ್ದೆ," ಎನ್ನುತ್ತಾರೆ ಹಬೀಬ್.

ಹೋದ ತಿಂಗಳು ಮತ್ತೆ ಹಾಗೆಯೇ ಒಂದು ಕೋವಿ ಸುಮ್ಮನಾಯಿತು. ಹೊಸ ಸದಸ್ಯರೊಬ್ಬರು ಅದನ್ನು ಹಿಡಿದೇ ತಿರುಗತೊಡಗಿದರು. ಈ ಸಲ ಹಬೀಬ್ ಕೂಗುತ್ತ ನಿಲ್ಲಲಿಲ್ಲ. ಓಡಿಹೋಗಿ ಅವರ ತೋಳು ಹಿಡಿದು, ನಳಿಗೆಯನ್ನು ದಿಬ್ಬದತ್ತ ನೂಕಿದರು. ಎಲ್ಲರೂ ಕಾದರು. ತೋಟೆ ಹೊಡೆಯಲೇ ಇಲ್ಲ. ಯಾರೋ ಕಿಸಕ್ಕನೆ ನಕ್ಕರು. ಮೈ ಮೇಲೆ ಕೈ ಹಾಕಿದನೆಂದು ಆ ಸದಸ್ಯರು ದೂರು ಕೊಟ್ಟರು. ಕಮಿಟಿಯವರು ಹಬೀಬರನ್ನು ಈ ತುದಿಗೆ, ಶಿವಯ್ಯನ ಕೆಲಸಕ್ಕೆ ಹಾಕಿದರು.

"ಹೊಡೀಲಿಲ್ಲ, ಒಳ್ಳೇದೇ ಆಯ್ತು," ಎನ್ನುತ್ತಾರೆ ತಲೆ ತಗ್ಗಿಸಿ. "ಆದ್ರೆ ನನ್ನ ಮಾತು ನಂಬೋರು ಯಾರೂ ಇಲ್ದಂಗಾಯ್ತು."

ಮನೆಯಲ್ಲಿ ಹೆಂಡತಿ ಸುಗ್ರಾ ಬೀ ಬೇಸತ್ತಿದ್ದಾರೆ. "ಬಿಟ್ಬಿಡಿ ಅಂದ್ರೆ ಕೇಳೋದಿಲ್ಲ. ನಿದ್ದೇಲೂ ಬೆಚ್ಚಿಬಿದ್ದು ಎದ್ದು ಕೂರ್ತಾರೆ."

ಹಿಂದಿನ ಜಾಗ ವಾಪಸ್ ಕೊಡಿ, ಯಾರ ಮೈಯನ್ನೂ ಮುಟ್ಟುವುದಿಲ್ಲ, ಬರೀ ಬಾಯಲ್ಲಿ ಹೇಳುತ್ತೇನೆ ಎಂದು ಹಬೀಬ್ ಕ್ಲಬ್ಬಿನ ಸೆಕ್ರೆಟರಿಯನ್ನು ಕೇಳಿಕೊಂಡಿದ್ದಾರೆ. "ನೋಡೋಣ" ಎಂಬ ಉತ್ತರ ಸಿಕ್ಕಿದೆ.

ಕೆಳಗಿನ ರಸ್ತೆಯಲ್ಲಿ ಜೀಪುಗಳ ಸದ್ದು ಕೇಳುತ್ತಿದೆ. ಹಬೀಬ್ ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ದಿಬ್ಬದ ಪಕ್ಕದ ಕಲ್ಲಿನ ಗೋಡೆಯ ಮರೆಗೆ ಸರಿಯುತ್ತಾರೆ. ಇಷ್ಟಾದರೂ ಏಕೆ ಬಿಡುವುದಿಲ್ಲ ಎಂದು ಕೇಳಿದರೆ ಚೀಲವನ್ನು ಗೋಡೆಗೆ ಒರಗಿಸುತ್ತಾರೆ.

"ನಾನು ಬಿಟ್ರೆ ಇನ್ಯಾರೋ ಬರ್ತಾರೆ," ಎನ್ನುತ್ತಾರೆ. "ಅವ್ರಿಗೆ ಶಿವಯ್ಯ ಯಾರು ಅಂತ ಗೊತ್ತಿರೋದಿಲ್ಲ."